ಬೆಂಗಳೂರಿನ ಇಟಾಲಿಯನ್ ರೆಸ್ಟೋರೆಂಟಿಗೆ ಹೋಗುವ ಕೊಡಗಿನವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರ್ರಿ ಚೀಲ ಸೇರಿದ ಮೇಲೆ ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿಬರುವುದು ಹೆಚ್ಚು. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ, ಒಂದು ಸಂಜೆ ಇಟಾಲಿಯನ್ ಊಟಕ್ಕೆ ಕರೆದೊಯ್ಯುತ್ತೇವೆ ಎನ್ನುತ್ತಾರೆ. ಹೊರಡುವ ಮುನ್ನ ನೆಂಟರು, ನೆರೆಹೊರೆಯವರು ನನ್ನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ಅಡುಗೆ ನಿಂತಿರುವುದು ಕೆಲವೇ ಪದಾರ್ಥಗಳ ಮೇಲೆ, ಆ ಪದಾರ್ಥಗಳ ಗುಣದ ಮೇಲೆ. ಅವುಗಳಲ್ಲಿ ಹಂದಿ ಮಾಂಸ, ಕರಿಮೆಣಸು, ಕಾಫಿ, ಈ ಮೂರರಲ್ಲಿ ಯಾವುದು ಒಳ್ಳೆಯದು, ಯಾವುದು ಕಳಪೆ ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳುಕದೆ ಹೋಗಿ, ಕೇಳಿ ತಿಳಿದುಕೊಂಡು ತರಿಸಿಕೊಳ್ಳಿ.

ಎಲ್ಲಿಗೆ ಹೋಗಬೇಕು? ಬಸ್ಸು ಇಳಿದು ಹೇಗೆ ತಲುಪುವುದು?

ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್, ಲ್ಯಾವೆಲ್ ರಸ್ತೆ, ವಿಠಲ ಮಲ್ಯ ರಸ್ತೆಯ ಆಸುಪಾಸಿನಲ್ಲಿ ಇಂತಹ ರೆಸ್ಟೋರೆಂಟುಗಳು ಹೆಚ್ಚು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಡೆಯಿಂದ ಬರುವವರು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದರೆ ಹತ್ತಿರದಲ್ಲೇ ದೀಪಾಂಜಲಿ ನಗರ ಮೆಟ್ರೊ ನಿಲ್ದಾಣವಿದೆ. ಅಲ್ಲಿ ನೇರಳೆ ಮಾರ್ಗದ ರೈಲು ಹತ್ತಿ, ಎಲ್ಲಿಯೂ ಬದಲಿಸದೆ ಎಂ.ಜಿ. ರಸ್ತೆಯಲ್ಲೋ ಇಂದಿರಾನಗರದಲ್ಲೋ ಇಳಿಯಬಹುದು. ಎಂ.ಜಿ. ರಸ್ತೆ ನಿಲ್ದಾಣದಿಂದ ಚರ್ಚ್ ಸ್ಟ್ರೀಟಿಗೆ ನಡೆದೇ ಹೋಗಬಹುದು.

ಶುಕ್ರವಾರ, ಶನಿವಾರ, ಭಾನುವಾರದ ರಾತ್ರಿ ಟೇಬಲ್ ಕಾಯ್ದಿರಿಸದೆ ಹೋಗಬೇಡಿ. ನನ್ನನ್ನು ಕೇಳಿದರೆ ವಾರದ ಮಧ್ಯೆ ಮಧ್ಯಾಹ್ನದ ಊಟವೇ ಲೇಸು. ಗದ್ದಲ ಕಡಿಮೆ, ವೇಟರ್‌ಗೆ ನಿಂತು ಮಾತನಾಡುವಷ್ಟು ಬಿಡುವಿರುತ್ತದೆ. ಮೊದಲ ಸಲ ಹೋಗುವವರಿಗೆ ಬೇಕಾಗಿರುವುದೂ ಅದೇ.

ಯಾವ ಬಟ್ಟೆ ಹಾಕಿಕೊಳ್ಳಬೇಕು?

ಮದುವೆ ಮನೆಯ ಬಟ್ಟೆ ಬೇಡ, ತೋಟದ ಬಟ್ಟೆಯೂ ಬೇಡ. ಅಚ್ಚುಕಟ್ಟಾದ ಯಾವ ಉಡುಪಾದರೂ ನಡೆಯುತ್ತದೆ. ಎ.ಸಿ. ಜೋರಾಗಿರುತ್ತದೆ, ವಯಸ್ಸಾದವರಿಗೆ ಒಂದು ಶಾಲು ಇರಲಿ.

ಮೆನು ನೋಡಿದರೆ ತಲೆ ತಿರುಗುತ್ತದೆ. ಏನನ್ನು ಯಾವ ಕ್ರಮದಲ್ಲಿ ತರಿಸಬೇಕು?

ಇಟಲಿಯವರ ಊಟ ಹಂತ ಹಂತವಾಗಿ ಬರುತ್ತದೆ. ಮೊದಲು ಆಂಟಿಪಾಸ್ಟಿ, ಅಂದರೆ ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಇಟ್ಟ ಬ್ರುಸ್ಕೆಟ್ಟಾ, ತೆಳುವಾಗಿ ಹೆಚ್ಚಿದ ಮಾಂಸ, ಚೀಸ್ ಮೊದಲಾದ ಸಣ್ಣಪುಟ್ಟ ತಿಂಡಿಗಳು. ಅನಂತರ ಪ್ರಿಮಿ: ಪಾಸ್ತಾ, ಅಕ್ಕಿಯಿಂದ ಮಾಡುವ ರಿಸೊಟ್ಟೊ, ಆಲೂಗಡ್ಡೆಯ ಸಣ್ಣ ಉಂಡೆಗಳಾದ ನ್ಯೋಕಿ. ಆಮೇಲೆ ಸೆಕೊಂಡಿ: ಮೀನು ಅಥವಾ ಮಾಂಸದ ಮುಖ್ಯ ತಟ್ಟೆ. ಇದರ ಪಕ್ಕಕ್ಕೆ ತರಕಾರಿ ಬೇಕಿದ್ದರೆ ಕೊಂತೊರ್ನಿ ಎಂಬ ಪಟ್ಟಿಯಿಂದ ಬೇರೆಯಾಗಿ ಹೇಳಬೇಕು. ಕೊನೆಗೆ ಡೋಲ್ಚಿ, ಸಿಹಿ. ಪಿಜ್ಜಾ ಈ ಸಾಲಿನಲ್ಲಿ ಸೇರುವುದಿಲ್ಲ, ಅದೊಂದೇ ಒಂದು ಊಟ.

ಎಲ್ಲ ಹಂತವನ್ನೂ ತರಿಸಲೇಬೇಕೆಂಬ ಕಟ್ಟಳೆಯಿಲ್ಲ. ನಾಲ್ವರು ಹೋದರೆ ಒಂದು ಆಂಟಿಪಾಸ್ಟಿ, ಎರಡು ಬಗೆಯ ಪಾಸ್ತಾ, ಒಂದು ಪಿಜ್ಜಾ ತರಿಸಿ ನಡುವೆ ಇಟ್ಟು ಹಂಚಿಕೊಳ್ಳಿ. ಹೊಟ್ಟೆಯಲ್ಲಿ ಜಾಗ ಉಳಿದರೆ ಮಾಂಸದ ತಟ್ಟೆಯೊಂದನ್ನು ಹೇಳಬಹುದು. ಹಂಚಿಕೊಳ್ಳುತ್ತೇವೆ ಎಂದು ಮೊದಲೇ ತಿಳಿಸಿದರೆ ಖಾಲಿ ತಟ್ಟೆಗಳನ್ನೂ ತಂದಿಡುತ್ತಾರೆ.

ಆಯ್ಕೆಯಲ್ಲಿ ನನ್ನದೊಂದು ಒತ್ತಾಯವಿದೆ. ಹೆಸರಿನ ಕೆಳಗೆ ಏಳೆಂಟು ಪದಾರ್ಥ ಬರೆದಿರುವ ಖಾದ್ಯವನ್ನು ಬಿಟ್ಟು, ಮೂರು ನಾಲ್ಕು ಪದಾರ್ಥದ್ದನ್ನು ತರಿಸಿ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ ಮಾತ್ರ ಇರುವ ಅಲ್ಯೋ ಎ ಓಲ್ಯೋ ಎಂಬ ಪಾಸ್ತಾದಲ್ಲಿ ಅಡುಗೆಯವರು ಏನನ್ನೂ ಮುಚ್ಚಿಡಲಾರರು. ಬೆಳ್ಳುಳ್ಳಿ ಒಂದಿಷ್ಟು ಹೆಚ್ಚು ಕೆಂಪಾದರೂ ಕಹಿ ನಾಲಿಗೆಗೆ ತಿಳಿಯುತ್ತದೆ. ಅದು ಚೆನ್ನಾಗಿದ್ದರೆ ಉಳಿದದ್ದನ್ನು ನಂಬಿ ತರಿಸಬಹುದು.

ಪಾಸ್ತಾ ಪೂರ್ತಿ ಬೆಂದಿಲ್ಲ ಅನ್ನಿಸುತ್ತದೆ. ವಾಪಸ್ ಕಳಿಸಬಹುದೇ?

ಅಲ್ ದೆಂತೆ ಎಂಬ ಹದ ಅದು. ಒಣ ಪಾಸ್ತಾ ಆಗುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ಕಚ್ಚಿದಾಗ ನಡುವೆ ಸ್ವಲ್ಪ ಬಿಗಿ ಉಳಿದಿರುವಾಗಲೇ ನೀರಿನಿಂದ ತೆಗೆಯುತ್ತಾರೆ. ಹಲ್ಲಿಗೆ ಹಿಟ್ಟಿನಂತೆ ಅಂಟಿದರೆ ಮಾತ್ರ ಅದು ಬೆಂದಿಲ್ಲ, ಕಳಿಸಿ. ಹಲ್ಲಿನ ತೊಂದರೆ ಇರುವ ಹಿರಿಯರಿಗಾಗಿ "ಇನ್ನೆರಡು ನಿಮಿಷ ಬೇಯಿಸಿ" ಎಂದು ಆರ್ಡರ್ ಕೊಡುವಾಗಲೇ ಹೇಳುವುದರಲ್ಲಿ ತಪ್ಪೇನಿಲ್ಲ. ಮೊಟ್ಟೆ ಹಾಕಿ ಅಲ್ಲೇ ಕಲಸಿದ ತಾಜಾ ಪಾಸ್ತಾ ಮೃದುವಾಗಿಯೇ ಇರುತ್ತದೆ, ಅವರಿಗೆ ಅದೇ ಹಿತ.

ಹಂದಿ ಮಾಂಸದಲ್ಲಿ ಏನೇನು ಸಿಗುತ್ತದೆ? ಹಸಿಯಾಗಿ ಬಡಿಸುತ್ತಾರೆ ಎನ್ನುತ್ತಾರಲ್ಲ?

ನಮ್ಮವರು ಮೊದಲು ಕೇಳುವ ಪ್ರಶ್ನೆ ಇದು. ಪಂದಿ ಕರಿಗೆ ತೊಗಲು, ಕೊಬ್ಬು ಸಮೇತ ಮಾಂಸವೇ ಆಗಬೇಕೆಂದು ಪಟ್ಟು ಹಿಡಿಯುವವರಿಗೆ ಇಟಲಿಯ ಹಂದಿ ಅಡುಗೆ ಬೇಗ ಒಗ್ಗುತ್ತದೆ. ಕೊಬ್ಬನ್ನು ಕಿತ್ತೆಸೆಯದೆ ಅದರಿಂದಲೇ ರುಚಿ ತೆಗೆಯುವುದು ಅವರಿಗೂ ಗೊತ್ತು.

ಪ್ರೊಶುಟ್ಟೊ ಎಂಬುದು ಹಂದಿಯ ಹಿಂದಿನ ತೊಡೆ. ಅದಕ್ಕೆ ಉಪ್ಪು ತಿಕ್ಕಿ, ಗಾಳಿಯಾಡುವ ಕೋಣೆಗಳಲ್ಲಿ ತಿಂಗಳುಗಟ್ಟಲೆ ತೂಗುಹಾಕಿ ಮಾಗಿಸುತ್ತಾರೆ. ಪಾರ್ಮಾ ಊರಿನ ಪ್ರೊಶುಟ್ಟೊ ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಮಾಗುತ್ತದೆ. ಒಲೆ ಕಾಣದಿದ್ದರೂ ಉಪ್ಪು ಮತ್ತು ಕಾಲ ಅದರ ನೀರನ್ನು ಹೀರಿ ಕೆಡದಂತೆ ಕಾಪಾಡಿರುತ್ತವೆ. ಬೆಳಕು ಹಾಯುವಷ್ಟು ತೆಳುವಾಗಿ ಹೆಚ್ಚಿ ಬಡಿಸುತ್ತಾರೆ. ಅಂಚಿನ ಬಿಳಿ ಕೊಬ್ಬನ್ನು ತೆಗೆದಿಡಬೇಡಿ, ನಾಲಿಗೆಯ ಮೇಲೆ ಕರಗುವುದು ಅದೇ. ಬಸುರಿಯರು ಮಾತ್ರ ಬೇಯಿಸದ ಮಾಂಸದಿಂದ ದೂರವಿರುವುದು ಒಳ್ಳೆಯದು.

ಗ್ವಾಂಚಾಲೆ ಹಂದಿಯ ಕೆನ್ನೆಯ ಭಾಗ, ಪಾನ್ಚೆತ್ತಾ ಹೊಟ್ಟೆಯ ಭಾಗ. ರೋಮಿನ ಕಾರ್ಬೊನಾರಾ ಪಾಸ್ತಾ ನಿಂತಿರುವುದೇ ಗ್ವಾಂಚಾಲೆಯ ಮೇಲೆ. ಅದನ್ನು ತುಂಡು ಮಾಡಿ ಬಾಣಲೆಗೆ ಹಾಕಿದರೆ ತನ್ನ ಕೊಬ್ಬಿನಲ್ಲೇ ಹುರಿದು ಗರಿಗರಿಯಾಗುತ್ತದೆ. ಆ ಕೊಬ್ಬು, ಮೊಟ್ಟೆಯ ಹಳದಿ, ಕುರಿ ಹಾಲಿನ ಪೆಕೊರಿನೊ ಚೀಸ್, ಕರಿಮೆಣಸು, ಇಷ್ಟೇ ಸೇರಿ ಸಾಸ್ ಆಗುತ್ತದೆ. ಕ್ರೀಮ್ ಅದರಲ್ಲಿ ಇಲ್ಲವೇ ಇಲ್ಲ. ನಮ್ಮ ನಗರಗಳಲ್ಲಿ ಎಷ್ಟೋ ಕಡೆ ಕ್ರೀಮ್ ಸುರಿದು, ಗ್ವಾಂಚಾಲೆಯ ಬದಲು ಬೇಕನ್ ಹಾಕಿ ಅದೇ ಹೆಸರಿನಲ್ಲಿ ಕೊಡುತ್ತಾರೆ. "ಕ್ರೀಮ್ ಹಾಕುತ್ತೀರಾ?" ಎಂದು ಕೇಳಿಯೇ ಆರ್ಡರ್ ಮಾಡಿ. ಹಾಕುತ್ತೇವೆ ಎಂದರೆ ಬೇರೆ ಪಾಸ್ತಾ ಆರಿಸಿಕೊಳ್ಳಿ.

ಪೊರ್ಕೆತ್ತಾ ಮೆನುವಿನಲ್ಲಿ ಕಂಡರೆ ಬಿಡಬೇಡಿ. ಮೂಳೆ ಬಿಡಿಸಿದ ಮಾಂಸಕ್ಕೆ ಬೆಳ್ಳುಳ್ಳಿ, ಸೋಂಪಿನ ಜಾತಿಯ ಸೊಪ್ಪು, ರೋಸ್‌ಮೇರಿ ತುಂಬಿ, ತೊಗಲು ಹೊರಗಿರುವಂತೆ ಸುರುಳಿ ಸುತ್ತಿ ಗಂಟೆಗಟ್ಟಲೆ ಸುಡುತ್ತಾರೆ. ತೊಗಲು ಚಟಪಟ ಮುರಿಯಬೇಕು, ಒಳಗೆ ರಸ ಇರಬೇಕು.

ಹಂದಿ ತಿನ್ನುತ್ತೇವೆ, ದನದ ಮಾಂಸ ತಿನ್ನುವುದಿಲ್ಲ. ಏನನ್ನು ಗಮನಿಸಬೇಕು?

ಬೊಲೊನೀಸ್ ಅಥವಾ ರಾಗು, ಲಸಾನ್ಯಾ, ಮೀಟ್‌ಬಾಲ್, ಬ್ರೆಸೊಲಾ, ಟೆಂಡರ್‌ಲಾಯಿನ್ ಎಂಬ ಹೆಸರುಗಳು ಕಂಡರೆ ಯಾವ ಮಾಂಸವೆಂದು ಕೇಳಿ. ಇವುಗಳಿಗೆ ದನದ ಅಥವಾ ಎಮ್ಮೆಯ ಮಾಂಸ ಬಳಸುವುದುಂಟು. ಪಿಜ್ಜಾ ಮೇಲಿನ ಪೆಪ್ಪರೋನಿಯಲ್ಲಿ ಹಂದಿ, ದನ ಎರಡೂ ಬೆರೆತಿರಬಹುದು.

ಹಂದಿ ತಿನ್ನದ ಕುಟುಂಬಗಳಿಗೂ ಒಂದು ಮಾತು. ಅಮಾತ್ರಿಚಾನಾ ಎಂಬ ಪಾಸ್ತಾ ನೋಡಲು ಬರೀ ಟೊಮೆಟೊ ಸಾಸಿನಂತೆ ಕಂಡರೂ ಅದರಲ್ಲಿ ಗ್ವಾಂಚಾಲೆ ಇರುತ್ತದೆ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲವೇ?

ಆಯ್ಕೆಗಳು ಧಾರಾಳವಾಗಿವೆ, ಆದರೆ ಹಸಿರು ಚುಕ್ಕೆ ನೋಡಿ ಸುಮ್ಮನಾಗಬೇಡಿ. ಪಾರ್ಮಿಜಾನೊ ರೆಜಾನೊ, ಅಂದರೆ ನಾವು ಪಾರ್ಮೆಸಾನ್ ಎನ್ನುವ ಚೀಸ್‌ನ ಮೂಲ ರೂಪ, ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ತಯಾರಾಗುತ್ತದೆ. ಪೆಕೊರಿನೊ ರೊಮಾನೊ, ಗ್ರಾನಾ ಪದಾನೊಗಳಲ್ಲೂ ಪ್ರಾಣಿಮೂಲದ ರೆನೆಟ್ ಇರುತ್ತದೆ. ಸಸ್ಯಾಹಾರಿಗಳಿಗೆಂದು ಬೇರೆ ಬಗೆಯ ಗಟ್ಟಿ ಚೀಸ್ ಇಟ್ಟುಕೊಂಡಿರುವವರಿದ್ದಾರೆ, ವಿಚಾರಿಸಿ. ರಿಸೊಟ್ಟೊಗೆ ಕೋಳಿ ಬೇಯಿಸಿದ ನೀರು ಹಾಕುತ್ತಾರೆಯೇ, ಪನ್ನಾ ಕೋಟಾ ಎಂಬ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ತೊಗಲಿನಿಂದ ತೆಗೆದ ಜೆಲಾಟಿನ್ ಇದೆಯೇ, ಸೀಸರ್ ಸಲಾಡಿನಲ್ಲಿ ಆಂಚೊವಿ ಮೀನಿದೆಯೇ ಎಂದೂ ಕೇಳಬೇಕು. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವ ಅಜ್ಜಿಯೊಬ್ಬರಿಗೆ ಊಟ ಮುಗಿದ ಮೇಲೆ ಈ ವಿಷಯ ತಿಳಿದರೆ ಮನಸ್ಸಿಗೆ ಎಷ್ಟು ನೋವಾಗುತ್ತದೆ ಎಂಬುದನ್ನು ರೆಸ್ಟೋರೆಂಟಿನವರೂ ಅರಿಯಬೇಕು.

ಬ್ರೆಡ್ಡಿನ ಜೊತೆ ಎಣ್ಣೆಯಲ್ಲಿ ತೇಲುವ ಕಪ್ಪು ರಸ ಯಾವುದು?

ಬಾಲ್ಸಾಮಿಕ್ ವಿನೆಗರ್. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ, ನಮ್ಮ ಅಡುಗೆಮನೆಯ ಕಾಚಂಪುಳಿಯ ದೂರದ ನೆಂಟ ಅದು. ನಾವು ಪನಂಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಸೀಸೆಯಲ್ಲಿಟ್ಟು ಹನಿಹನಿಯಾಗಿ ಬಳಸುತ್ತೇವೆ. ಮೊದೆನಾ ಪ್ರದೇಶದವರು ದ್ರಾಕ್ಷಿ ರಸವನ್ನು ಕುದಿಸಿ ಇಂಗಿಸಿ ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಸಾಂಪ್ರದಾಯಿಕ ಬಾಲ್ಸಾಮಿಕ್ ಕಡಿಮೆಯೆಂದರೂ 12 ವರ್ಷ ಮಾಗಿರಬೇಕು, ಬೆಲೆಯೂ ಹಾಗೆಯೇ ಇರುತ್ತದೆ. ಮೇಜಿಗೆ ಬರುವುದು ಸಾಮಾನ್ಯವಾಗಿ ವೈನ್ ವಿನೆಗರ್ ಬೆರೆಸಿದ ಅಗ್ಗದ ಬಗೆ. ಬ್ರೆಡ್ಡಿಗೆ ಅದು ಸಾಕು.

ಕರಿಮೆಣಸಿನ ಪಾಸ್ತಾ ಇದೆ ಎಂದು ಮಗಳು ಹೇಳಿದಳು. ಅದೇನು?

ಕಾಚೋ ಎ ಪೇಪೆ. ರೋಮಿನವರ ಖಾದ್ಯ. ಪಾಸ್ತಾ, ಪೆಕೊರಿನೊ, ಕರಿಮೆಣಸು, ಪಾಸ್ತಾ ಬೇಯಿಸಿದ ನೀರು, ಬೇರೆ ಏನೂ ಇಲ್ಲ. ಬೆಳ್ಳಿ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಗೊಂಚಲು ಕೊಯ್ದು, ಕಣದಲ್ಲಿ ಒಣಗಿಸಿ ಮೆಣಸು ಮಾರುವ ಊರಿನವರು ಇದನ್ನು ತರಿಸದೆ ಎದ್ದು ಬರಬಾರದು ಎಂಬುದು ನನ್ನ ಮಾತು. ಮಲಬಾರ್ ಕರಾವಳಿಯ ಮೆಣಸು ಎರಡು ಸಾವಿರ ವರ್ಷಗಳ ಹಿಂದೆಯೇ ಹಡಗಿನಲ್ಲಿ ರೋಮ್ ಸಾಮ್ರಾಜ್ಯಕ್ಕೆ ಹೋಗುತ್ತಿತ್ತು.

ತಟ್ಟೆ ಬಂದ ಕೂಡಲೇ ಬಗ್ಗಿ ವಾಸನೆ ನೋಡಿ. ಮೆಣಸನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆಗಲೇ ಜಜ್ಜಿದ್ದರೆ ಘಾಟು ಮೂಗಿಗೆ ತಟ್ಟುತ್ತದೆ. ಡಬ್ಬಿಯ ಹಳೆಯ ಪುಡಿಯಾದರೆ ಖಾರವಷ್ಟೇ, ಪರಿಮಳವಿಲ್ಲ. ಕಪ್ಪು ಚೂರುಗಳು ಒಂದೇ ಗಾತ್ರದಲ್ಲಿ ಇರಬಾರದು: ಕೆಲವು ಪುಡಿ, ಕೆಲವು ಒಡೆದ ಕಾಳು. ಸಾಸ್ ಎಳೆಗಳಿಗೆ ನಯವಾಗಿ ಅಂಟಿಕೊಂಡಿರಬೇಕು, ತಳದಲ್ಲಿ ನೀರು ನಿಂತಿರಬಾರದು. ಪಾಸ್ತಾ ಬೆಂದ ನೀರಿನಲ್ಲಿರುವ ಗಂಜಿಯೇ ಚೀಸನ್ನೂ ನೀರನ್ನೂ ಒಂದುಗೂಡಿಸುತ್ತದೆ. ಬಿಸಿ ಆರಿದರೆ ಚೀಸ್ ಗಟ್ಟಿಯಾಗಿ ಎಳೆಗಳು ಮುದ್ದೆಯಾಗುತ್ತವೆ, ಆದ್ದರಿಂದ ಫೋಟೊ ತೆಗೆಯುತ್ತಾ ಕೂರದೆ ತಿನ್ನಿ.

ಪಿಜ್ಜಾದ ಅಂಚು ಕಪ್ಪಗೆ ಸುಟ್ಟಿತ್ತು. ಹಾಗೇ ಇರುತ್ತದೆಯೇ?

ನೇಪಲ್ಸ್ ಶೈಲಿಯದಾದರೆ ಹೌದು. ಕಟ್ಟಿಗೆಯ ಒಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ನಡುಭಾಗ ಮೆತ್ತಗೆ, ತುಸು ಒದ್ದೆಯಾಗಿರುತ್ತದೆ. ಈ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ 2017ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತಳವೆಲ್ಲ ಕರಕಲಾಗಿದ್ದರೆ ಅದು ಶೈಲಿಯಲ್ಲ, ಬದಲಿಸಿಕೊಡಲು ಹೇಳಿ. ಮೊದಲ ಸಲಕ್ಕೆ ಟೊಮೆಟೊ, ಮೊಜ್ಜರೆಲ್ಲಾ, ತುಳಸಿಯ ಜಾತಿಯ ಬೇಸಿಲ್ ಎಲೆ ಇರುವ ಮಾರ್ಗರಿಟಾ ಸಾಕು.

ಖಾರವೇ ಇಲ್ಲವಲ್ಲ?

ಅರಬ್ಬಿಯಾತಾ ಎಂಬ ಪಾಸ್ತಾ ಕೇಳಿ, ಅದರಲ್ಲಿ ಒಣಮೆಣಸಿನಕಾಯಿ ಇರುತ್ತದೆ. ಇಟಲಿಯ ದಕ್ಷಿಣದ ಕಲಾಬ್ರಿಯಾದವರು ಖಾರ ತಿನ್ನುವವರೇ, ಅವರ ಎನ್ದೂಯಾ ಎಂಬ ಮೆತ್ತನೆಯ ಹಂದಿ ಸಾಸೇಜ್ ಸಿಕ್ಕರೆ ನಿಮ್ಮ ದೂರು ತೀರುತ್ತದೆ. ರುಚಿ ನೋಡುವ ಮೊದಲೇ ಚಿಲ್ಲಿ ಫ್ಲೇಕ್ಸ್, ಕೆಚಪ್ ಸುರಿಯಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕೈಯಲ್ಲಿ ತಿನ್ನಬಹುದೇ?

ಪಿಜ್ಜಾ, ಬ್ರೆಡ್ ಕೈಯಲ್ಲೇ. ಸ್ಪಗೆಟ್ಟಿಗೆ ಫೋರ್ಕ್ ಬೇಕು: ನಾಲ್ಕೈದು ಎಳೆ ಮಾತ್ರ ಹಿಡಿದು ತಟ್ಟೆಯ ಅಂಚಿಗೆ ಒತ್ತಿ ತಿರುಗಿಸಿ. ಅದು ಕಷ್ಟವಾದರೆ ಪೆನ್ನೆಯಂತಹ ಗಿಡ್ಡ ಪಾಸ್ತಾ ತರಿಸಿ. ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುವುದು ಇಟಲಿಯ ಮನೆಗಳಲ್ಲೂ ಇದೆ. ಯಾರೂ ತಪ್ಪು ತಿಳಿಯುವುದಿಲ್ಲ.

ಊಟದ ಕೊನೆಗೆ ಕಾಫಿ ಹೇಗೆ ಹೇಳಬೇಕು? ಅಷ್ಟು ಸಣ್ಣ ಕಪ್ಪಿಗೆ ಅಷ್ಟು ಬೆಲೆಯೇ?

ಬರೀ "ಎಸ್ಪ್ರೆಸೊ" ಎನ್ನಿ. ಸುಮಾರು 7ರಿಂದ 9 ಗ್ರಾಂ ಪುಡಿಯ ಮೂಲಕ 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯಿಸಿ, 25 ಸೆಕೆಂಡಿನ ಆಸುಪಾಸಿನಲ್ಲಿ 25ರಿಂದ 30 ಮಿಲಿಲೀಟರ್ ಇಳಿಸುತ್ತಾರೆ. ಚಿಕೋರಿ ಇಲ್ಲ, ಹಾಲಿಲ್ಲ, ಬೆಲ್ಲವಿಲ್ಲ. ಸಕ್ಕರೆ ಹಾಕಿಕೊಳ್ಳಬಹುದು, ಇಟಲಿಯವರೂ ಹಾಕಿಕೊಳ್ಳುತ್ತಾರೆ. ಕಪ್ಪುಚೀನೊವನ್ನು ಅವರು ಬೆಳಗಿನ ಹೊತ್ತು ಮಾತ್ರ ಕುಡಿಯುವುದು. ನಿಮಗೆ ಹಾಲು ಹಾಕಿದ ಕಾಫಿಯೇ ಬೇಕೆಂದಿದ್ದರೆ ರಾತ್ರಿಯೂ ಸಂಕೋಚವಿಲ್ಲದೆ ಹೇಳಿ.

ಕಪ್ ಬಂದಾಗ ಮೇಲ್ಗಡೆಯ ಹೊಂಬಣ್ಣದ ನೊರೆಯನ್ನು ನೋಡಿ. ಅದೇ ಕ್ರೇಮಾ. ಅದು ದಪ್ಪಗೆ ಕಟ್ಟಿ ಬೇಗ ಒಡೆಯದೆ ನಿಲ್ಲುವುದಕ್ಕೆ ರೋಬಸ್ಟಾ ನೆರವಾಗುತ್ತದೆ. ಆ ಕಾರಣಕ್ಕೇ ಇಟಲಿಯ ಅನೇಕ ಹುರಿಯುವವರು ಅರೇಬಿಕಾದ ಜೊತೆ ರೋಬಸ್ಟಾ ಬೆರೆಸುತ್ತಾರೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಹಲವು ವರ್ಷಗಳಿಂದ ಇಟಲಿಯೇ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ಕೊಡಗಿನಲ್ಲಿ. ಸಿದ್ದಾಪುರದ ಕಡೆಯಲ್ಲೋ ಪೊನ್ನಂಪೇಟೆಯ ಕಡೆಯಲ್ಲೋ ಒಣಗಿದ ಬೀಜ ಹಡಗು ಹತ್ತಿ, ಅಲ್ಲಿ ಹುರಿದು, ಚೆಂದದ ಡಬ್ಬಿಯಲ್ಲಿ ಬೆಂಗಳೂರಿಗೆ ವಾಪಸಾಗಿ ನಿಮ್ಮ ಮುಂದಿನ ಕಪ್ಪಿಗೆ ಇಳಿದಿರಲು ಸಾಧ್ಯವಿದೆ.

ಹಾಗಾಗಿ ಬೀಜ ಯಾವುದು, ಯಾರು ಹುರಿದದ್ದು ಎಂದು ಕೇಳುವ ಹಕ್ಕು ಬೇರೆಲ್ಲರಿಗಿಂತ ನಿಮಗೆ ಹೆಚ್ಚು. ಬೆಂಗಳೂರಿನಲ್ಲೇ ಹುರಿದ ಕೊಡಗಿನ, ಚಿಕ್ಕಮಗಳೂರಿನ ತಾಜಾ ಬೀಜ ಬಳಸುವ ರೆಸ್ಟೋರೆಂಟು ಸಿಕ್ಕರೆ ಮೆಚ್ಚುಗೆಯನ್ನು ಬಾಯಿ ಬಿಟ್ಟು ಹೇಳಿ ಬನ್ನಿ. ಗ್ರಾಹಕರು ಕೇಳಿದರೆ ಉಳಿದವರೂ ಬದಲಾಗುತ್ತಾರೆ. ಬೆಳೆಗಾರ ಚೀಲಕ್ಕೆ ಪಡೆದ ದರವನ್ನೂ ಈ ಕಪ್ಪಿನ ಬೆಲೆಯನ್ನೂ ಎದುರುಬದುರು ಇಟ್ಟು ನೋಡಿದಾಗ ಬೇಸರವಾಗುವುದು ಸಹಜ. ಆ ಬೇಸರ ನನಗೂ ಇದೆ.

ವೈನ್ ತರಿಸಲೇಬೇಕೇ?

ಬೇಕಿಲ್ಲ. ತರಿಸುವುದಾದರೆ ಬಾಟಲಿಯ ಬದಲು ಗ್ಲಾಸಿನ ಲೆಕ್ಕದಲ್ಲಿ ಹೇಳಿ. ಮನೆಯಲ್ಲಿ ಮಾಡುವ ಸಿಹಿ ವೈನಿನ ರುಚಿ ಇಲ್ಲಿ ಸಿಗುವುದಿಲ್ಲ, ಊಟದ ಜೊತೆ ಕೊಡುವುದು ಒಗರಾಗಿ, ಹುಳಿಯಾಗಿ ಇರುತ್ತದೆ. ಕುಡಿಯುವ ನೀರಿನ ವಿಷಯವೂ ಅಷ್ಟೇ: ಬಾಟಲಿ ಬೇಡವಾದರೆ ಸಾದಾ ನೀರು ಕೊಡಿ ಎಂದು ಮೊದಲೇ ಹೇಳಿ.

ತಿರಮಿಸು ಮಕ್ಕಳಿಗೆ ಕೊಡಬಹುದೇ?

ಕೇಳಿ ಕೊಡಿ. ಆ ಸಿಹಿಯಲ್ಲಿ ಗಟ್ಟಿ ಕಾಫಿಯಂತೂ ಇದ್ದೇ ಇರುತ್ತದೆ. ಮಸ್ಕರ್ಪೋನೆ ಚೀಸಿನ ಜೊತೆ ಹಸಿ ಮೊಟ್ಟೆ ಸೇರಿಸುವುದುಂಟು, ಮಾರ್ಸಾಲಾ ವೈನ್ ಅಥವಾ ರಮ್ ಹಾಕುವುದೂ ಉಂಟು. ಮಕ್ಕಳಿಗೆ ಇಟಲಿಯ ಐಸ್‌ಕ್ರೀಮ್ ಆದ ಜೆಲಾಟೊ ನಿರಾತಂಕ.

ಬಿಲ್ಲಿನಲ್ಲಿ ಏನನ್ನು ನೋಡಬೇಕು?

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟದ ಮೇಲೆ ಜಿಎಸ್‌ಟಿ ಶೇ 5. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಾದರೆ ಶೇ 18. ಮದ್ಯ ಜಿಎಸ್‌ಟಿಗೆ ಒಳಪಡುವುದಿಲ್ಲ.

ಸೇವಾ ಶುಲ್ಕ ಎಂದು ಬೇರೆ ಸಾಲು ಕಂಡರೆ ಗಮನಿಸಿ, ಅದು ತೆರಿಗೆಯಲ್ಲ. ಬಿಲ್ಲಿಗೆ ಅದನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆಲ್ಲಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಚೆನ್ನಾಗಿ ನೋಡಿಕೊಂಡ ವೇಟರ್‌ಗೆ ನಿಮ್ಮ ಮನಸ್ಸಿಗೆ ಬಂದಷ್ಟನ್ನು ಕೈಗೇ ಕೊಡಿ. ಅದು ಅವರಿಗೇ ಸೇರುತ್ತದೆ.

ಉಳಿದದ್ದನ್ನು ಕಟ್ಟಿಸಿ ಊರಿಗೆ ತರಬಹುದೇ?

ಮಗಳ ಮನೆಯ ಫ್ರಿಜ್ಜಿನವರೆಗೆ ತನ್ನಿ, ಊರಿಗೆ ಬೇಡ. ಬೆಂಗಳೂರಿನಿಂದ ಮಡಿಕೇರಿಗೆ 250 ಕಿಲೋಮೀಟರಿಗೂ ಹೆಚ್ಚು ದೂರ. ಕ್ರೀಮ್, ಮೊಟ್ಟೆ, ಮೀನು ಇರುವ ಊಟ ಬಸ್ಸಿನ ಸೆಕೆಯಲ್ಲಿ ಕೆಡುತ್ತದೆ. ಪಿಜ್ಜಾ ಕೆಡದಿದ್ದರೂ ತೊಗಲಿನಂತಾಗುತ್ತದೆ.

ಬದಲಿಗೆ ದೊಡ್ಡ ಅಂಗಡಿಯೊಂದರಿಂದ ಡ್ಯೂರಮ್ ಗೋಧಿಯ ಸ್ಪಗೆಟ್ಟಿ ಪೊಟ್ಟಣ, ಗಟ್ಟಿ ಪೆಕೊರಿನೊ ಅಥವಾ ಪಾರ್ಮೆಸಾನ್ ತುಂಡು ಕೊಂಡು ತನ್ನಿ. ಮೆಣಸು ಮನೆಯಲ್ಲೇ ಇದೆ. ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ, ಸಣ್ಣಗೆ ತುರಿದ 80ರಿಂದ 100 ಗ್ರಾಂ ಚೀಸ್, ಹುರಿದು ಜಜ್ಜಿದ ಮೆಣಸು ಒಂದೂವರೆ ಟೀ ಚಮಚ. ಪಾಸ್ತಾವನ್ನು ಕಡಿಮೆ ನೀರಿನಲ್ಲಿ ಬೇಯಿಸಿದರೆ ನೀರಿಗೆ ಗಂಜಿ ಚೆನ್ನಾಗಿ ಬಿಡುತ್ತದೆ. ಉಪ್ಪು ಮಿತವಾಗಿರಲಿ, ಚೀಸಿನಲ್ಲೇ ಬೇಕಾದಷ್ಟಿದೆ. ಒಂದು ಲೋಟ ನೀರು ತೆಗೆದಿಟ್ಟುಕೊಂಡು, ಅದು ಸ್ವಲ್ಪ ಆರಿದ ಮೇಲೆ ಚೀಸಿಗೆ ಹಾಕಿ ಕಲಸಿ. ಪಾಸ್ತಾ ಮತ್ತು ಮೆಣಸನ್ನು ಬಾಣಲೆಯಲ್ಲಿ ಬೆರೆಸಿ, ಒಲೆಯಿಂದ ಇಳಿಸಿದ ಮೇಲೆಯೇ ಚೀಸ್ ಸುರಿದು ಬೇಗ ಬೇಗ ಕೈಯಾಡಿಸಿ. ಉರಿಯ ಮೇಲಿರುವಾಗ ಹಾಕಿದರೆ ಗಂಟು ಕಟ್ಟುತ್ತದೆ.